ಸಹಾಯ ಬೇಕು: ತಮ್ಮ ಫೈಟರ್ ಆಗ್ತೀನಿ ಅಂತಿದ್ದಾನೆ, ದುಡ್ಡಿನ ಲೆಕ್ಕ ಕೂಡ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾವು ಕೋಲಾರ ಜಿಲ್ಲೆ ಶ್ರೀನಿವಾಸಪುರದ ಕಡೆಯವರು. ನನ್ನ ತಮ್ಮನಿಗೆ 23 ವರ್ಷ. ನರಸಾಪುರದಲ್ಲಿದ್ದ ಫ್ಯಾಕ್ಟರಿ ಕೆಲಸ ಬಿಟ್ಟು ಬೆಂಗಳೂರಿನಲ್ಲಿ ಎಂಎಂಎ (ಬಾಕ್ಸಿಂಗ್, ಕುಸ್ತಿ ಎಲ್ಲ ಬೆರೆತ ಕಾದಾಟದ ಆಟ) ಕಲಿಯುತ್ತಿದ್ದಾನೆ. ಚೆನ್ನಾಗಿ ಆಡುತ್ತಾನೆ, ಅದರಲ್ಲಿ ಎರಡು ಮಾತಿಲ್ಲ.

ಹೋದ ತಿಂಗಳು ಒಂದು ಫೈಟ್ ಗೆದ್ದ. ಕೈಗೆ ಬಂದದ್ದು 15 ಸಾವಿರ. ಬ್ಯಾಗ್ ಒಗೆಯುವಾಗ ಸಿಕ್ಕ ಚೀಟಿಗಳನ್ನೆಲ್ಲ ಅಮ್ಮ ತೆಗೆದಿಟ್ಟಿದ್ದರು. ಕೂತು ಕೂಡಿಸಿದೆ. ಕೋಚ್ ಫೀಸು, ರೂಮ್ ಬಾಡಿಗೆ, ರಕ್ತಪರೀಕ್ಷೆ, ಹುಬ್ಬಿಗೆ ಹಾಕಿದ 4 ಹೊಲಿಗೆ. 31 ಸಾವಿರ ದಾಟಿತು! ತೂಕ ಇಳಿಸೋಕೆ ವಾರವಿಡೀ ಮುದ್ದೆ ಬಿಟ್ಟದ್ದು ಲೆಕ್ಕಕ್ಕೇ ಇಲ್ಲ.

ಕೇಳಿದರೆ ಪೂಜಾ ತೋಮರ್ ಹೆಸರು ಹೇಳುತ್ತಾನೆ. ನಿಜ, 2024ರಲ್ಲಿ ಎಂಎಂಎಯ ದೊಡ್ಡ ಅಂತರರಾಷ್ಟ್ರೀಯ ಸ್ಪರ್ಧೆ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆ ಅವರು. ಆದರೆ ಅಲ್ಲೂ ತಿಂಗಳ ಸಂಬಳ ಅಂತ ಇಲ್ಲ. ಸಾಮಾನ್ಯವಾಗಿ ಕಣಕ್ಕಿಳಿದರೆ ಇಷ್ಟು, ಗೆದ್ದರೆ ಇನ್ನಷ್ಟು. ಮೊಣಕಾಲು ಹೋಗಿ ಒಂದು ವರ್ಷ ಮನೆಯಲ್ಲಿ ಕೂತರೆ? ನಮ್ಮ ಹೆಲ್ತ್ ಇನ್ಶೂರೆನ್ಸ್ ಪಾಲಿಸಿ ತೆಗೆದು ಓದಿದೆ. ಅಪಾಯದ ಆಟವನ್ನು ವೃತ್ತಿಯಾಗಿ ಆಡುವಾಗ ಆದ ಗಾಯಕ್ಕೆ ದುಡ್ಡು ಕೊಡಲ್ಲ ಅಂತ ಬರೆದಿದೆ.

ಈಗ ಮಾವಿನ ತೋಟದ ಮೇಲೆ 3 ಲಕ್ಷ ಸಾಲ ತೆಗೆಯೋಣ ಅಂತಿದ್ದಾನೆ. ಅಪ್ಪ ಬೇಡ ಅನ್ನುತ್ತಿಲ್ಲ, ಅದೇ ಭಯ.

ಫೈಟರ್‌ಗಳ ಗಾಯಕ್ಕೂ ಆಗುವ ಪಾಲಿಸಿ ಯಾರಾದರೂ ಮಾಡಿಸಿದ್ದೀರಾ? ಸಹಿ ಹಾಕೋ ಮುಂಚೆ ಚಿಕಿತ್ಸೆ ಖರ್ಚಿನ ಬಗ್ಗೆ ಆಯೋಜಕರನ್ನು ಏನು ಕೇಳಬೇಕು? ಜಿಮ್‌ನಲ್ಲಿ ಕೆಲಸ ಮಾಡಿಕೊಂಡೇ ಫೈಟ್ ಆಡುವವರು ಇದ್ದರೆ ದಯವಿಟ್ಟು ಮೆಸೇಜ್ ಮಾಡಿ. ಬೈಯೋದು ಮಾತ್ರ ಬೇಡ, ಅದಕ್ಕೆ ಮನೆಯಲ್ಲೇ ಜಾಸ್ತಿ ಜನ ಇದ್ದಾರೆ.