ನೇಪಾಳಕ್ಕೆ ಮನೆ ಕಟ್ಟಲು ಹೋಗೋದಾ, ಬೇಡ್ವಾ?

ಅರಸೀಕೆರೆ ಸಿವಿಲ್:
ಸಿವಿಲ್ ಡಿಪ್ಲೊಮಾ ಮುಗಿಸಿ 12 ವರ್ಷದಿಂದ ಹಾಸನದಲ್ಲಿ ಸೈಟ್ ನೋಡಿಕೊಳ್ಳುತ್ತಿದ್ದೇನೆ. ನೇಪಾಳದ ಜಾಜರಕೋಟ್‌ನಲ್ಲಿ 2023ರ ನವೆಂಬರ್ 3ರ ರಾತ್ರಿ ಭೂಕಂಪ ಆಯಿತಲ್ಲ, ಅಲ್ಲಿ ಮನೆ ಕಟ್ಟಿಕೊಡುವ ತಂಡವೊಂದು ಎರಡು ವಾರಕ್ಕೆ ಬನ್ನಿ ಅಂತಿದೆ. ಸಂಬಳ ಇಲ್ಲ. ಬದಲಿಗೆ ಊಟ, ವಸತಿ, ಸಾಮಾನಿಗೆ ಅಂತ ನಾನೇ 40 ಸಾವಿರ ಕಟ್ಟಬೇಕು. ದಸರಾ ರಜೆಗೆ ಹೋಗೋಣ ಅಂದುಕೊಂಡಿದ್ದೇನೆ. ದುಡ್ಡು ಕೊಟ್ಟು ಕೂಲಿ ಮಾಡೋದು ಸರಿಯಾ? ನಮ್ಮವ್ವ ಬೇರೆ, "ಕೊಟ್ಟಿಗೆ ಗೋಡೆ ಬಿದ್ದು ಎರಡು ಮಳೆಗಾಲ ಆಯ್ತು. ಅದನ್ನ ಎತ್ತದವನು ನೇಪಾಳದಲ್ಲಿ ಮನೆ ಕಟ್ತಾನಂತೆ" ಅಂತ ಬಂದವರಿಗೆಲ್ಲ ಹೇಳುತ್ತಿದ್ದಾಳೆ.

ಬೇಲೂರು ರಸ್ತೆ:
ಸುಮ್ನೆ ಆ 40 ಸಾವಿರ ಅಲ್ಲಿಗೆ ಕಳಿಸಿಬಿಡಿ. ನೀವು ಹೋಗಿ ಬಾಂಡಲಿ ಹೊತ್ತರೆ ಅಲ್ಲೊಬ್ಬನ ದಿನಗೂಲಿ ಹೋಯಿತು, ಅಷ್ಟೇ.

ಸಕಲೇಶಪುರದವ:
ನಾನು 2016ರಲ್ಲಿ ಗೋರ್ಖಾ ಕಡೆ ಹೋಗಿದ್ದೆ. ಅದರ ಹಿಂದಿನ ವರ್ಷ ಏಪ್ರಿಲ್ 25ರಂದು 7.8ರ ಭೂಕಂಪ ಆಗಿ ಸುಮಾರು 9 ಸಾವಿರ ಜನ ಸತ್ತಿದ್ದರು. ಮಣ್ಣಿನ ಗಾರೆಯ ಕಲ್ಲಿನ ಮನೆಗಳು ರಾಶಿಯಾಗಿ ಬಿದ್ದಿದ್ದವು. ಹೊಸ ಮನೆಗೂ ಅದೇ ಕಲ್ಲು. ಆದರೆ ಕಿಟಕಿ ಕೆಳಗೊಂದು, ಕಿಟಕಿ-ಬಾಗಿಲ ಮೇಲೆ ಲಿಂಟಲ್ ಮಟ್ಟಕ್ಕೊಂದು ಕಂಬಿ-ಕಾಂಕ್ರೀಟಿನ ಬೆಲ್ಟ್ ಸುತ್ತುತ್ತಾರೆ, ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿದ ಹಾಗೆ.

ನನಗೆ ಕೊಟ್ಟಿದ್ದು ಬೆಲ್ಟಿನ ಕಂಬಿ ಕಟ್ಟುವ ಕೆಲಸ. ಇದೇನು ಮಹಾ ಅಂತ ನಮ್ಮೂರ ರೂಢಿಯಂತೆ, ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗಿನ ತುದಿಯನ್ನು 90 ಡಿಗ್ರಿಗೆ ಬಗ್ಗಿಸಿ ಕಟ್ಟುತ್ತಾ ಹೋದೆ. ಮಧ್ಯಾಹ್ನ ಮೇಸ್ತ್ರಿ ಬಂದಳು. ಹೌದು, ಹುಡುಗಿ. ಭೂಕಂಪ ಆದ ಮೇಲೆ ಅಲ್ಲಿ ಹೆಂಗಸರಿಗೂ ಗಾರೆ ಕೆಲಸದ ತರಬೇತಿ ಕೊಟ್ಟಿದ್ದರು. "ದಾಯ್" ಅಂದಳು, ಅಣ್ಣಾ ಅಂತ. ಬೈಂಡಿಂಗ್ ವೈರ್ ಕತ್ತರಿಸಿ ಒಂದು ರಿಂಗ್ ಕಳಚಿದಳು. ಅದರ ತುದಿಯನ್ನು ಇನ್ನೂ ಒಳಕ್ಕೆ ಮಡಿಸಿ ತೋರಿಸಿದಳು. 135 ಡಿಗ್ರಿ. ಗಾಳದ ಹಾಗೆ ಅದು ಒಳಗಿನ ಕಾಂಕ್ರೀಟನ್ನು ಕಚ್ಚಿಕೊಳ್ಳಬೇಕು. ಇಲ್ಲದಿದ್ದರೆ ನೆಲ ಅಲುಗಿ ಹೊರಗಿನ ಪದರ ಉದುರಿದ ಕೂಡಲೇ ರಿಂಗ್ ಬಾಯಿ ಬಿಡುತ್ತದೆ. ನಾನು ಓದಿದ್ದೇ. ಕೈಗೆ ಬಂದಿರಲಿಲ್ಲ. 40 ರಿಂಗ್ ಬಿಚ್ಚಿ ಮತ್ತೆ ಕಟ್ಟಿದೆ. ಅವಳು ಬೈಯಲಿಲ್ಲ, ಚಹಾ ಕಳಿಸಿದಳು. ಅದು ಇನ್ನೂ ಜಾಸ್ತಿ ಚುಚ್ಚಿತು.

ಬೇಲೂರು ರಸ್ತೆಯವರ ಮಾತು ತಳ್ಳಿಹಾಕುವಂಥದ್ದಲ್ಲ. ಆದರೆ ನಾವಿದ್ದ ಊರಲ್ಲಿ ಗಂಡಸರು ಬಹಳಷ್ಟು ಜನ ಗಲ್ಫಿಗೆ, ಮಲೇಷ್ಯಾಕ್ಕೆ ದುಡಿಯಲು ಹೋಗಿದ್ದರು. ಕಲ್ಲು ಎತ್ತಿಕೊಡೋಕೆ ಕೈ ಬೇಕಿತ್ತು. ದುಡ್ಡು ಕಟ್ಟುವ ಮುಂಚೆ ಕೇಳಿ: ಮೇಸ್ತ್ರಿ ಆ ಊರಿನವರಾ, ಅವರಿಗೆ ಕೂಲಿ ಸಿಗುತ್ತಾ, ನೀವು ಹೊರಟ ಮೇಲೆ ಚಾವಣಿ ಯಾರು ಹಾಕ್ತಾರೆ? ನಿಮ್ಮನ್ನು ಎಂಜಿನಿಯರ್ ಸಾಹೇಬ್ರು ಅಂತ ಕರೆದರೆ ಅನುಮಾನ ಪಡಿ. ಹೆಲ್ಪರ್ ಅಂದರೆ ಹೋಗಿ.

ದಸರಾ ರಜೆಗೆ ಮಾತ್ರ ಬೇಡ. ಆಗ ಅಲ್ಲಿ ದಶೈಂ ಹಬ್ಬ, 15 ದಿನ. ಮೇಸ್ತ್ರಿಗಳೆಲ್ಲ ಮನೆ ಸೇರಿರುತ್ತಾರೆ. ಊರೂರಲ್ಲೂ ಬಿದಿರಿನ ಜೋಕಾಲಿ ಕಟ್ಟಿರುತ್ತಾರೆ, ಆಡಿ ಬರಬಹುದು ಅಷ್ಟೇ. ಪಾಸ್‌ಪೋರ್ಟ್ ಇಲ್ಲದಿದ್ದರೆ ಅಸಲಿ ವೋಟರ್ ಕಾರ್ಡ್ ಇಟ್ಟುಕೊಳ್ಳಿ. ನಿಮ್ಮ ವಯಸ್ಸಿಗೆ ಆಧಾರ್ ನಂಬಿಕೊಂಡು ಹೋಗಬೇಡಿ.

ಮೂಡಿಗೆರೆ ಮಳೆ:
2019ರ ಆಗಸ್ಟ್‌ನಲ್ಲಿ ನಮ್ಮ ಕಡೆ ಗುಡ್ಡ ಜಾರಿದಾಗ ನಮ್ಮೂರಿಗೆ ಹಳೇ ಬಟ್ಟೆ ಮೂಟೆಗಟ್ಟಲೆ ಬಂತು. ನಮಗೆ ಬೇಕಿದ್ದದ್ದು ಹಾರೆ, ಗುದ್ದಲಿ. ಏನು ಬೇಕು ಅಂತ ಫೋನ್ ಮಾಡಿ ಕೇಳಿದವರು ಒಬ್ಬರೇ. ನೀವೂ ಮೊದಲು ಕೇಳಿ ಅಣ್ಣಾ.

ಅರಸೀಕೆರೆ ಸಿವಿಲ್:
ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಕೇಳಿದೆ. ಮೇಸ್ತ್ರಿ ಊರಿನವರೇ, ಕೂಲಿ ಇದೆ, ನಾನು ಹೆಲ್ಪರ್. ನವೆಂಬರ್ ಕೊನೆಗೆ ಟಿಕೆಟ್ ತೆಗೆದೆ.

ಅಷ್ಟರಲ್ಲಿ ಕೊಟ್ಟಿಗೆ ಗೋಡೆಯನ್ನೂ ಎತ್ತಿದೆ, ಬೆಲ್ಟ್ ಹಾಕಿ. 26 ರಿಂಗ್, ಎಲ್ಲಾ 135. ಮೊದಲ ಐದಾರು ಸೊಟ್ಟಗಾದವು. ನಮ್ಮವ್ವ ಕಂಬಿ ನೋಡಿ, "ಎರಡು ಎಮ್ಮೆಗೆ ಇಷ್ಟೊಂದು ಕಬ್ಬಿಣ ಯಾಕೋ?" ಅಂದಳು.