ಸಹಾಯ ಬೇಕು: ದೊಡ್ಡಪ್ಪನ ಪೋಸ್ಟರ್ ತೆಗೆಯಬೇಕಾ, ಬಿಡಬೇಕಾ?

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನಿಗೆ 76 ವರ್ಷ, ಮರೆವು ಉಂಟು. ಸೋಮವಾರ ಬೆಳಿಗ್ಗೆ ಹಾಲು ತರಲು ಹೋದವರು ಬರಲಿಲ್ಲ. ಉಡುಪಿ ಸರ್ವಿಸ್ ಬಸ್ ಸ್ಟ್ಯಾಂಡಿನ ಅಂಗಡಿಯೊಂದರ ಸಿಸಿಟಿವಿಯಲ್ಲಿ ಕಂಡದ್ದೇ ಕೊನೆ. ಕೈಯಲ್ಲಿ ಕೊಡೆ, ಖಾಲಿ ಚೀಲ.

ಪೊಲೀಸ್ ಕಂಪ್ಲೇಂಟ್ ಆಗಿದೆ. ಆಸ್ಪತ್ರೆ, ಮಠದ ಊಟದ ಸಾಲು, ಮಲ್ಪೆ, ಕಾಪು ಎಲ್ಲ ನೋಡಿ ಆಯಿತು. ಬಸ್ಸಿನ ಕಂಡಕ್ಟರುಗಳಿಗೂ ಫೋಟೋ ಕೊಟ್ಟಿದ್ದೇವೆ. ಹಿರಿಯರ ಸಹಾಯವಾಣಿ 14567ಕ್ಕೂ ಹೇಳಿದ್ದೇವೆ.

ಈಗ ತೊಂದರೆ ಪೋಸ್ಟರಿನದ್ದೇ ಮಾರಾಯ್ರೆ. ನನ್ನ ನಂಬರ್ ಹಾಕಿದ್ದೆ. ಆಸ್ತಿಗಾಗಿ ಮಕ್ಕಳೇ ಓಡಿಸಿದ್ದು ಅಂತ ಯಾರೋ ವಾಯ್ಸ್ ಮೆಸೇಜ್ ಬಿಟ್ಟಿದ್ದಾರೆ. ಇನ್ನೊಬ್ಬರು ಹೊಳೆಗೆ ಹಾರಿದ್ದಾರೆ ಅಂತ. ಸುಮ್ನೆ ಊಹೆ! ದೊಡ್ಡಮ್ಮ ಅದನ್ನೇ ಕಿವಿಗೆ ಹಿಡಿದು ಮತ್ತೆ ಮತ್ತೆ ಕೇಳುತ್ತಾರೆ. ರಾತ್ರಿ ಜಗಲಿಯ ಲೈಟ್ ಆರಿಸಲು ಬಿಡುವುದಿಲ್ಲ. ನಿನ್ನೆ ಒಬ್ಬ ಫೋನ್ ಮಾಡಿ, ನಿಮ್ಮವರು ನನ್ನ ಹತ್ತಿರ ಇದ್ದಾರೆ, ಮೊದಲು ಐದು ಸಾವಿರ ಹಾಕಿ ಅಂದ. ವಿಡಿಯೋ ಕಾಲ್ ಮಾಡು ಅಂದದ್ದಕ್ಕೆ ಕಟ್ ಮಾಡಿದ. ಆ ನಂಬರ್ ಪೊಲೀಸರಿಗೆ ಕೊಟ್ಟಿದ್ದೇನೆ.

ಹಳೇ ಪೋಸ್ಟರ್ ಅಳಿಸಿದರೆ ನಿಜವಾಗಿ ನೋಡಿದವರು ತಪ್ಪಿಹೋಗಬಹುದು, ಅಲ್ವಾ? ಬಿಟ್ಟರೆ ಈ ಗಲಾಟೆ. ಇಂಥದ್ದನ್ನು ಅನುಭವಿಸಿದವರು ಹೇಳಿ: ಅದನ್ನು ತೆಗೆದು ಠಾಣೆಯ ನಂಬರ್ ಮಾತ್ರ ಇರುವ ಹೊಸದು ಹಾಕಿದರೆ ಸಾಕಾ, ಅಥವಾ ನಮ್ಮ ನಂಬರೂ ಇರಲೇಬೇಕಾ?