ಕಡಲತಡಿಯ ಜಗಲಿ ಬೆಂಚಿಗೆ ಕುಶನ್: ಬಟ್ಟೆ, ಫೋಮ್, ನೂಲು ಯಾವುದು?

ಕಡಲತಡಿ:
ಮಲ್ಪೆಯಲ್ಲಿ, ಕಡಲಿಂದ ಅರ್ಧ ಕಿ.ಮೀ. ದೂರದ ಮನೆ. ತೆರೆದ ಜಗಲಿಯ 6 ಅಡಿ ಸಾಗುವಾನಿ ಬೆಂಚಿಗೆ 24×22 ಇಂಚಿನ, 4 ಇಂಚು ದಪ್ಪದ ಮೂರು ಸೀಟ್ ಕುಶನ್ ಆಗಬೇಕು. ಮಧ್ಯಾಹ್ನದ ಮೇಲೆ ನೇರ ಬಿಸಿಲು, ಮಳೆಗಾಲದಲ್ಲಿ ಎರಚಲು. ರೆಕ್ಸಿನ್ ಹೊದಿಸಿ ಒಳಗೆ ಪ್ಲಾಸ್ಟಿಕ್ ಸುತ್ತಿದರೆ ನೀರೇ ಹೋಗಲ್ಲ ಅಂತಾರೆ. ನಡೆಯುತ್ತಾ? ಬಟ್ಟೆ ಎಷ್ಟು ಬೇಕು? ಕಟಿಂಗ್ ಅಳತೆ ಹೇಳಿದರೆ ಇಲ್ಲೇ ಟೈಲರ್ ಹತ್ತಿರ ಹೊಲಿಸಬಹುದು.

ಸೂಜಿದಾರ:
ನಡೆಯಲ್ಲ. ರೆಕ್ಸಿನ್ ಎಷ್ಟೇ ಗಟ್ಟಿಯಿರಲಿ, ಹೊಲಿಗೆಯ ಪ್ರತಿ ಸೂಜಿ ತೂತೂ ನೀರಿಗೆ ಬಾಗಿಲು. ಕೂತಾಗ ಫೋಮ್‌ನ ಗಾಳಿ ಹೊರಗೆ ಹೋಗುತ್ತೆ, ಎದ್ದಾಗ ಉಬ್ಬಿ ಆ ತೂತುಗಳಿಂದಲೇ ನೀರು ಎಳ್ಕೊಳ್ಳುತ್ತೆ. ಪ್ಲಾಸ್ಟಿಕ್ ಇದ್ದರೆ ಅದು ಆರೋದೇ ಇಲ್ಲ, ಬೂಷ್ಟು ಹಿಡಿಯುತ್ತೆ. ತಡೆಯೋದು ಬಿಟ್ಟು, ಒಳಗೆ ಬಂದ ನೀರು ಬೇಗ ಇಳಿದುಹೋಗೋ ಹಾಗೆ ಮಾಡಿ.

ಫೋಮ್: ‘ರೆಟಿಕ್ಯುಲೇಟೆಡ್’ ಅಥವಾ ‘ಕ್ವಿಕ್ ಡ್ರೈ’ ಅಂತ ಕೇಳಿ. ಇದರಲ್ಲಿ ರಂಧ್ರಗಳ ನಡುವಿನ ತೆಳು ಪೊರೆ ತೆಗೆದಿರುತ್ತಾರೆ, ಬರೀ ಜಾಲ ಉಳಿದಿರುತ್ತೆ. ಪರೀಕ್ಷೆ ಸುಲಭ: ಒಂದು ಚೊಂಬು ನೀರು ಸುರೀರಿ, ಕೆಳಗಿಂದ ಸುರಿದು ಹೋಗಬೇಕು. ಮೇಲೇ ನಿಂತು ನಿಧಾನ ಇಂಗಿದರೆ ಅದು ಮಾಮೂಲಿ ಫೋಮ್.

ಬಟ್ಟೆ: ಸೊಲ್ಯೂಷನ್ ಡೈಡ್ ಅಕ್ರಿಲಿಕ್. ಎಳೆ ತೆಗೆಯುವ ಮೊದಲೇ ಬಣ್ಣ ಬೆರೆಸಿರುತ್ತಾರೆ. ಅರಿಶಿನದ ಕೊಂಬು ಮುರಿದ ಹಾಗೆ ಒಳಗೂ ಅದೇ ಬಣ್ಣ, ಅದಕ್ಕೇ ಬಿಸಿಲಿಗೆ ಬೇಗ ಮಾಸಲ್ಲ. ಹಿಂಬದಿ ಬಿಳಿಚಿದ್ದರೆ ಪ್ರಿಂಟ್ ಬಟ್ಟೆ, ಬೇಡ. ಕುಶನ್ ತಳಕ್ಕೆ ಪಿವಿಸಿ ಲೇಪನದ ಪಾಲಿಯೆಸ್ಟರ್ ಮೆಶ್ (ಜಾಲರಿ ಬಟ್ಟೆ) ಹಾಕಿಸಿ, ನೀರು ಅಲ್ಲಿಂದ ಇಳಿಯುತ್ತೆ.

ನೂಲಿನಲ್ಲೇ ಹೆಚ್ಚಿನವರು ಎಡವೋದು. ಹತ್ತಿ ನೂಲು ಕೊಳೆಯುತ್ತೆ, ನೈಲಾನ್ ಬಿಸಿಲಿಗೆ ಸೋಲುತ್ತೆ. ಬಟ್ಟೆ ಹೊಸದರ ಹಾಗೇ ಇರುತ್ತೆ, ಹೊಲಿಗೆ ಮಾತ್ರ ಬಾಯಿ ಬಿಡುತ್ತೆ. ಯುವಿ ತಡೆಯುವ ಬಾಂಡೆಡ್ (ಎಳೆಗಳು ಬಿಚ್ಚದಂತೆ ಅಂಟು ಲೇಪಿಸಿದ) ಪಾಲಿಯೆಸ್ಟರ್ ನೂಲು, ಟೆಕ್ಸ್ 90 (ಟೆಕ್ಸ್ ಅಂದ್ರೆ ನೂಲಿನ ದಪ್ಪದ ಅಳತೆ), 18 ನಂಬರ್ ಸೂಜಿ. ಟೈಲರ್ ಮೆಶಿನ್ ಅಷ್ಟು ದಪ್ಪ ಎಳೆಯದಿದ್ದರೆ ಟೆಕ್ಸ್ 70, 16ರ ಸೂಜಿ. ಒಂದೊಂದು ಹೊಲಿಗೆ ಟಾಕಿನ ಉದ್ದ 4 ಮಿ.ಮೀ. ಇರಲಿ; ಇನ್ನೂ ಒತ್ತಾಗಿ ಹೊಲಿದರೆ ಬಟ್ಟೆ ಅಂಚೆಚೀಟಿ ಹಾಗೆ ತೂತು ಗೆರೆಯಲ್ಲೇ ಹರಿಯುತ್ತೆ.

ಕಟಿಂಗ್, ಒಂದು ಕುಶನ್‌ಗೆ: ಹೊದಿಕೆ ಫೋಮ್‌ಗಿಂತ ಅರ್ಧ ಇಂಚು ಚಿಕ್ಕದಿರಬೇಕು, ಆಗ ಸುಕ್ಕು ಬರಲ್ಲ. ಸುತ್ತ ಅರ್ಧ ಇಂಚು ಹೊಲಿಗೆ ಅಂಚು ಸೇರಿಸಿ ಮೇಲ್ಭಾಗ 24½×22½, ಮೆಶ್ ತಳವೂ ಅಷ್ಟೇ. ಮುಂದಿನ ಮತ್ತು ಬದಿಯ ಪಟ್ಟಿ 63×5. ಇದರಲ್ಲಿ 2 ಇಂಚು ಜಿಪ್ ತುದಿ ಮುಚ್ಚೋ ಮಡಿಕೆಗೆ. ಜಿಪ್ ಪಟ್ಟಿ 31×3½ ಎರಡು, ತಲಾ 1 ಇಂಚು ಮಡಚಿ ಜಿಪ್ ಮೇಲೆ ಮುಖಾಮುಖಿ ಕೂರಿಸಿ. ಜಿಪ್ 30 ಇಂಚು, ಅಚ್ಚಿನ ಪ್ಲಾಸ್ಟಿಕ್ ಹಲ್ಲಿನದು, ಹಿಂಬದಿಯಿಂದ ಎರಡೂ ಮೂಲೆ 3 ಇಂಚು ದಾಟಲಿ. ಇಲ್ಲದಿದ್ದರೆ ಫೋಮ್ ತೂರಿಸೋದು ಕುಸ್ತಿ. ಪೈಪಿಂಗ್‌ಗೆ (ಅಂಚಿನ ಸುತ್ತ ದಾರ ತುಂಬಿದ ಉಬ್ಬು ಗೆರೆ) 1½ ಇಂಚು ಅಗಲದ ಕ್ರಾಸ್ ಪಟ್ಟಿ, ಅಂದ್ರೆ ಬಟ್ಟೆಯನ್ನು ಓರೆಯಾಗಿ ಕತ್ತರಿಸಿದ್ದು, ಒಂದು ಅಂಚಿನ ಸುತ್ತಿಗೆ 93 ಇಂಚು. 54 ಇಂಚು ಪನ್ನದ ಬಟ್ಟೆ ಮೂರಕ್ಕೂ ಸೇರಿ 3 ಮೀಟರ್, ಮೆಶ್ 1¼ ಮೀಟರ್.

ಮರಗೆಲಸ:
ಸೂಜಿದಾರ ಅವರೇ, ಎಲ್ಲ ಸರಿ, ಪೈಪಿಂಗ್ ಒಂದನ್ನು ಒಪ್ಪಲ್ಲ. ಉಬ್ಬಿದ ಅಂಚು ಎಲ್ಲಕ್ಕಿಂತ ಮೊದಲು ಸವೆಯೋದು, ಒಳಗಿನ ದಾರ ಹತ್ತಿಯದ್ದಾದರೆ ಬತ್ತಿ ಹಾಗೆ ನೀರು ಎಳೆಯುತ್ತೆ. ಬೇಕೇ ಬೇಕಂದ್ರೆ ಪ್ಲಾಸ್ಟಿಕ್ ದಾರ ಹಾಕಿಸಿ. ಪೈಪಿಂಗೇ ಬಿಟ್ಟರೆ ಅರ್ಧ ಮೀಟರಿನಷ್ಟು ಬಟ್ಟೆಯೂ ಉಳಿಯುತ್ತೆ.

ಕಡಲತಡಿಯವರೇ, ಕುಶನ್‌ಗಿಂತ ಮೊದಲು ಬೆಂಚು ನೋಡಿ. ಸೀಟು ಇಡೀ ಹಲಗೆಯದ್ದಾದರೆ ಮೆಶ್ ಹಾಕಿಯೂ ದಂಡ, ನೀರು ನಡುವೆ ಸಿಕ್ಕಿಬೀಳುತ್ತೆ. ಸೀಟಿನ ಮರದ ಪಟ್ಟಿಗಳ ನಡುವೆ 10 ಮಿ.ಮೀ. ಸಂದು ಬೇಕು. ಸೀಟು ಹಿಂದಕ್ಕೆ ವಾಲಿದ್ದರೆ ಕೊನೆಯ ಪಟ್ಟಿ ಮತ್ತು ಒರಗುವ ಹಲಗೆ ನಡುವೆಯೂ ಸಂದು ಬಿಡಿ, ನೀರೆಲ್ಲ ಅಲ್ಲೇ ಸೇರೋದು. ಸ್ಕ್ರೂ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್‌ದೇ ಆಗಲಿ. 304 ಉಪ್ಪುಗಾಳಿಗೆ ಕಂದು ಕಲೆ ಬಿಡುತ್ತೆ, ಆ ಕಲೆ ಬಟ್ಟೆಗೂ ಹತ್ತುತ್ತೆ.

ಕಡಲತಡಿ:
ಸೀಟು ಪಟ್ಟಿಗಳದ್ದೇ, ಸಂದು ಇದೆ. ಆದರೆ ಆ ಫೋಮ್ ದುಬಾರಿ. 3 ಇಂಚು ಅದು, ಮೇಲೆ 1 ಇಂಚು ಮಾಮೂಲಿ ಅಂಟಿಸಿದರೆ ಆಗುತ್ತಾ? ಬೂಷ್ಟು ಬಂದರೆ ತೊಳೆಯೋದು ಹೇಗೆ?

ಸೂಜಿದಾರ:
ಬೇಡ. ಮೇಲಿನ 1 ಇಂಚು ಸ್ಪಂಜಾಗಿ ಒದ್ದೆ ಹಿಡಿದಿಟ್ಟುಕೊಳ್ಳುತ್ತೆ, ಕೂತವರಿಗೆ ತಾಗೋದೂ ಅದೇ. ಮೆತ್ತಗೆ ಬೇಕಿದ್ದರೆ ತೆಳು ಪಾಲಿಯೆಸ್ಟರ್ ವ್ಯಾಡಿಂಗ್ (ಹತ್ತಿಯಂಥ ಮೆತ್ತನೆ ಹಾಸು) ಸುತ್ತಿ. ಇಲ್ಲವೇ ಪೂರ್ತಿ ಮಾಮೂಲಿ ಫೋಮ್ ಹಾಕಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳಗಿಡಿ. ನಡುವಿನ ದಾರಿ ಇಲ್ಲ.

ಬೂಷ್ಟಿಗೆ: 4 ಲೀಟರ್ ನೀರು, 240 ಮಿ.ಲೀ. ಕ್ಲೋರಿನ್ ಬ್ಲೀಚ್, 60 ಮಿ.ಲೀ. ಮೃದು ಸೋಪು. ಹಚ್ಚಿ 15 ನಿಮಿಷ ಬಿಟ್ಟು, ಸ್ಪಂಜಿನಿಂದ ಉಜ್ಜಿ, ಬ್ಲೀಚ್ ವಾಸನೆ ಹೋಗೋವರೆಗೂ ತೊಳೆದು ಗಾಳಿಗೆ ಒಣಗಿಸಿ. ಈ ಲೆಕ್ಕ ಸೊಲ್ಯೂಷನ್ ಡೈಡ್ ಅಕ್ರಿಲಿಕ್‌ಗೆ ಮಾತ್ರ, ಬೇರೆ ಬಟ್ಟೆಗೆ ಹಾಕಿದರೆ ಬಣ್ಣ ಬಿಡಬಹುದು. ಬಟ್ಟೆ ತುಣುಕೊಂದು ಉಳಿಸಿಕೊಂಡು ಅದರ ಮೇಲೆ ಮೊದಲು ನೋಡಿ.